ಹೊಳೆ ದಾಟಿ ಹೋಗಿ ಕೇಳಿದವರು

ಯೌವನಸ್ಥರ ವಾಕ್ಯಧ್ಯಾನ
ಓದಬೇಕಾದ ವಾಕ್ಯಭಾಗ: ಯೆಹೋಶುವ 22:10-34, ನ್ಯಾಯಸ್ಥಾಪಕರು 12:1-6

 

ಇವತ್ತಿನ ಪಾಠ ಸ್ವಲ್ಪ ಖಾರ ಇದೆ. ನಮ್ಮ ಬ್ಯಾಡಗಿ ಮೆಣಸಿನಕಾಯಿ ಥರ ಬಣ್ಣ ಜಾಸ್ತಿ ಖಾರ ಕಮ್ಮಿ ಅಂದುಕೊಳ್ಳಬೇಡಿ, ಇದು ಗುಂಟೂರು. ವಿಷಯ ರಾಜಕೀಯ. ಯಾರಿಗೆ ಓಟು ಹಾಕಬೇಕು ಅಂತ ನಾನು ಹೇಳುವುದಿಲ್ಲ, ಅದು ನನ್ನ ಕೆಲಸ ಅಲ್ಲ. ಓಟು ಹಾಕಿ ಬಂದ ಮೇಲೆ ನಮ್ಮ ನಮ್ಮ ನಡುವೆ ಏನಾಗುತ್ತಿದೆ, ಅದರ ಬಗ್ಗೆ ಮಾತಾಡೋಣ.

ಏನಾಗುತ್ತಿದೆ ಅಂತ ನಿಮಗೇ ಗೊತ್ತು. ಒಂದೇ ಪ್ರಾರ್ಥನಾ ಗುಂಪಿನಲ್ಲಿದ್ದವರು ಒಂದು ವಾಟ್ಸಾಪ್ ಸ್ಟೇಟಸ್ ನೋಡಿ ಮಾತು ಬಿಟ್ಟಿದ್ದಾರೆ. ಅಣ್ಣ ಒಂದು ಪಕ್ಷ, ತಂಗಿ ಇನ್ನೊಂದು ಪಕ್ಷ. ಕ್ರಿಸ್ಮಸ್‌ಗೆ ಊರಿಗೆ ಬಂದರೂ ಒಬ್ಬರು ಹಾಲ್‌ನಲ್ಲಿ, ಒಬ್ಬರು ಅಡುಗೆಮನೆಯಲ್ಲಿ. ಭಾನುವಾರ ಕರ್ತನ ಮೇಜಿನಿಂದ ಒಂದೇ ರೊಟ್ಟಿ ತೆಗೆದುಕೊಳ್ಳುತ್ತಾರೆ, ಸೋಮವಾರ ಒಬ್ಬರನ್ನೊಬ್ಬರು ಬ್ಲಾಕ್ ಮಾಡುತ್ತಾರೆ. ಇದು ಸಣ್ಣ ವಿಷಯ ಅಂತ ಬಿಡೋಕಾಗುತ್ತಾ?

ಬೈಬಲ್‌ನಲ್ಲಿ ಎರಡು ಘಟನೆಗಳಿವೆ. ಎರಡೂ ಯೊರ್ದನ್ ಹೊಳೆಯ ದಡದಲ್ಲಿ ನಡೆದವು. ಎರಡರಲ್ಲೂ ಹೊಳೆಯ ಈಚೆ ದಡದ ಇಸ್ರಾಯೇಲ್ಯರು, ಆಚೆ ದಡದ ಇಸ್ರಾಯೇಲ್ಯರು. ಅಣ್ಣತಮ್ಮಂದಿರು. ಒಂದರಲ್ಲಿ ಒಬ್ಬರೂ ಸಾಯಲಿಲ್ಲ. ಇನ್ನೊಂದರಲ್ಲಿ 42,000 ಜನ ಸತ್ತರು. ಯಾಕೆ ಹೀಗಾಯಿತು? ಅದೇ ಇವತ್ತಿನ ಪಾಠ.

1. ಮೊದಲನೇ ಘಟನೆ: ಸುದ್ದಿ ಬಂತು, ಯುದ್ಧ ಬರಲಿಲ್ಲ

ಯೆಹೋಶುವ 22ಕ್ಕೆ ಬನ್ನಿ. ರೂಬೇನ್ ಕುಲ, ಗಾದ್ ಕುಲ, ಮನಸ್ಸೆಯ ಅರ್ಧ ಕುಲ, ಇವರಿಗೆ ಯೊರ್ದನಿನ ಪೂರ್ವಕ್ಕೆ ಜಮೀನು ಸಿಕ್ಕಿತ್ತು. ಆದರೂ ತಮ್ಮ ಹೆಂಡತಿ ಮಕ್ಕಳನ್ನು ಅಲ್ಲಿ ಬಿಟ್ಟು, ಪಶ್ಚಿಮದ ಸಹೋದರರ ಜೊತೆ ನಿಂತು ಯುದ್ಧ ಮಾಡಿದ್ದರು. ಕೆಲಸ ಮುಗಿಯಿತು. ಯೆಹೋಶುವ ಅವರನ್ನು ಆಶೀರ್ವದಿಸಿ ಮನೆಗೆ ಕಳಿಸಿದ. ಹೋಗುವಾಗ ಅವರು ಹೊಳೆಯ ಹತ್ತಿರ ಒಂದು ಯಜ್ಞವೇದಿ ಕಟ್ಟಿದರು. ಸಣ್ಣದಲ್ಲ, ದೂರದಿಂದಲೇ ಕಾಣುವಷ್ಟು ದೊಡ್ಡದು.

11ನೇ ವಚನ ಗಮನಿಸಿ. ಪಶ್ಚಿಮದವರು ಅದನ್ನು ನೋಡಿದರು ಅಂತ ಅಲ್ಲಿಲ್ಲ; ಸುದ್ದಿ ಕೇಳಿದರು ಅಂತ ಇದೆ. ಯಾರೋ ಹೇಳಿದರು. ಇವತ್ತಿನ ಭಾಷೆಯಲ್ಲಿ ಹೇಳಬೇಕಂದ್ರೆ ಫಾರ್ವರ್ಡ್ ಬಂತು. ಇವರು ದೇವರನ್ನು ಬಿಟ್ಟು ಬೇರೆ ಯಜ್ಞವೇದಿ ಕಟ್ಟಿದ್ದಾರೆ ಅಂತ ಅರ್ಥ ಮಾಡಿಕೊಂಡು ಎಲ್ಲರೂ ಶೀಲೋದಲ್ಲಿ ಸೇರಿದರು. ಯಾತಕ್ಕೆ? ಯುದ್ಧಕ್ಕೆ. ನಿನ್ನೆ ತನಕ ಹೆಗಲಿಗೆ ಹೆಗಲು ಕೊಟ್ಟವರ ಮೇಲೆ!

ಆದರೆ ದೇವರಿಗೆ ಸ್ತೋತ್ರ, ಕತ್ತಿ ಹೊರಡುವ ಮೊದಲು ಜನ ಹೊರಟರು. ಯಾಜಕನಾದ ಎಲಿಯಾಜರನ ಮಗ ಫೀನೆಹಾಸ, ಅವನ ಜೊತೆ ಹತ್ತು ಕುಲಗಳಿಂದ ಹತ್ತು ಪ್ರಧಾನರು. ಹೊಳೆ ದಾಟಿ ಗಿಲ್ಯಾದ್ ದೇಶಕ್ಕೆ ಹೋಗಿ ಮುಖಾಮುಖಿ ಕೇಳಿದರು.

ಈ ಫೀನೆಹಾಸ ಯಾರು ಗೊತ್ತಲ್ಲ? ಅರಣ್ಯಕಾಂಡ 25ರಲ್ಲಿ ಈಟಿ ಹಿಡಿದು ಡೇರೆಯೊಳಗೆ ನುಗ್ಗಿದವನು. ಮೃದು ಸ್ವಭಾವದವನೇನಲ್ಲ. ದೇವರ ವಿಷಯದಲ್ಲಿ ಅವನಷ್ಟು ಆಸಕ್ತಿ ಇದ್ದವರು ಆ ಪಾಳೆಯದಲ್ಲಿ ಕಡಿಮೆ. ಅಂಥವನೇ ಈಗ ಕೂತು ಕಿವಿ ಕೊಡುತ್ತಾನೆ. ಕೇಳುವವನು ಅಂದ್ರೆ ನಂಬಿಕೆ ಗಟ್ಟಿ ಇಲ್ಲದವನು ಅಂತ ಯಾರಾದರೂ ನಿಮಗೆ ಹೇಳಿದರೆ ಫೀನೆಹಾಸನನ್ನು ತೋರಿಸಿ.

ಅವನು ಸುತ್ತಿ ಬಳಸಿ ಮಾತಾಡಲಿಲ್ಲ. ತನ್ನ ಭಯವನ್ನು ನೇರವಾಗಿ ಹೇಳಿದ. ಪೆಗೋರದಲ್ಲಿ ಪಾಪ ಮಾಡಿದಾಗ ವ್ಯಾಧಿ ಬಂತು, ಆಕಾನ ಒಬ್ಬ ತಪ್ಪು ಮಾಡಿದಾಗ ಎಲ್ಲರೂ ಪೆಟ್ಟು ತಿಂದರು, ಈಗ ನೀವು ಹೀಗೆ ಮಾಡಿದರೆ ನಮ್ಮೆಲ್ಲರ ಗತಿ ಏನು ಅಂದ. ಆಮೇಲೆ 19ನೇ ವಚನದಲ್ಲಿ ಒಂದು ಮಾತು ಇದೆ, ಇದನ್ನು ನಾವು ಓದಿ ಮುಂದೆ ಹೋಗಿಬಿಡುತ್ತೇವೆ. ನಿಮ್ಮ ಜಮೀನು ಅಶುದ್ಧ ಅನ್ನಿಸಿದರೆ ನಮ್ಮ ಕಡೆ ಬನ್ನಿ, ನಮ್ಮಲ್ಲೇ ಪಾಲು ಕೊಡುತ್ತೇವೆ ಅನ್ನುವ ಅರ್ಥದ ಮಾತು. ಹೊಲದ ಬದುವಿಗೋಸ್ಕರ ಕೋರ್ಟು ಹತ್ತುವ ನಾವು ಇದರ ಬೆಲೆ ತಿಳಿದುಕೊಳ್ಳಬೇಕು. ಸ್ವಂತ ಜಮೀನಿನಲ್ಲಿ ಪಾಲು ಕೊಡೋಕೆ ತಯಾರಾಗಿ ಹೋದವನ ಪ್ರಶ್ನೆಗೂ, ಸೋಲಿಸೋಕೆ ಹೋದವನ ಪ್ರಶ್ನೆಗೂ ವ್ಯತ್ಯಾಸ ಇರುತ್ತೆ.

ಪೂರ್ವದವರು ಏನು ಉತ್ತರ ಕೊಟ್ಟರು? ನಾವು ಇದನ್ನು ಯಜ್ಞ ಅರ್ಪಿಸಲಿಕ್ಕೆ ಕಟ್ಟಿಲ್ಲ, ಭಯದಿಂದ ಕಟ್ಟಿದ್ದೇವೆ ಅಂದರು. ಏನು ಭಯ? ನಾಳೆ ನಿಮ್ಮ ಮಕ್ಕಳು ನಮ್ಮ ಮಕ್ಕಳಿಗೆ, ನಡುವೆ ಹೊಳೆ ಇದೆ, ನಿಮಗೂ ನಮ್ಮ ದೇವರಿಗೂ ಏನು ಸಂಬಂಧ ಅಂತ ಕೇಳಿಬಿಟ್ಟರೆ? ನಾವೂ ನಿಮ್ಮವರೇ ಅನ್ನೋದಕ್ಕೆ ಸಾಕ್ಷಿಯಾಗಿರಲಿ ಅಂತ ಕಟ್ಟಿದೆವು.

ನೋಡ್ರಿ ಎಂಥ ವಿಚಿತ್ರ. ನಮ್ಮಿಂದ ದೂರ ಹೋಗುತ್ತಿದ್ದಾರೆ ಅಂತ ಇವರು ಯಾವ ವೇದಿಯನ್ನು ನೋಡಿ ಕತ್ತಿ ಮಸೆದರೋ, ಅದೇ ವೇದಿಯನ್ನು ಅವರು ದೂರ ಆಗಬಾರದು ಅಂತ ಕಟ್ಟಿದ್ದರು. ಎರಡೂ ಕಡೆ ಭಯ. ಎರಡೂ ಕಡೆ ಭಯ ಮಕ್ಕಳ ಬಗ್ಗೆ, ಮುಂದಿನ ದಿನಗಳ ಬಗ್ಗೆ. ಆದರೆ ಒಬ್ಬರ ಭಯ ಇನ್ನೊಬ್ಬರಿಗೆ ದಡದ ಆಚೆಯಿಂದ ದ್ರೋಹದ ಥರ ಕಾಣಿಸಿತು. ಪೂರ್ವದವರದ್ದೂ ಸ್ವಲ್ಪ ತಪ್ಪಿದೆ ಅಂತ ನನಗನ್ನಿಸುತ್ತೆ. ಅಷ್ಟು ದೊಡ್ಡ ವೇದಿ ಕಟ್ಟುವ ಮೊದಲು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಕೇಳೋಕೆ ಬಂದವರಿದ್ದರು, ಅದಕ್ಕೆ ಬದುಕಿದರು.

2. ಎರಡನೇ ಘಟನೆ: ಒಂದು ಪದ, 42,000 ಹೆಣ

ಈಗ ನ್ಯಾಯಸ್ಥಾಪಕರು 12. ಅದೇ ಹೊಳೆ, ಎಷ್ಟೋ ವರ್ಷ ಆಗಿದೆ. ಸಾಕ್ಷಿಯ ವೇದಿ ಕಟ್ಟಿದವರ ಮಕ್ಕಳ ಮಕ್ಕಳು ಗಿಲ್ಯಾದಿನಲ್ಲಿದ್ದಾರೆ. ಗಿಲ್ಯಾದಿನ ಯೆಪ್ತಾಹ ಅಮ್ಮೋನಿಯರನ್ನು ಸೋಲಿಸಿ ಬಂದ. ಸಂತೋಷ ಪಡಬೇಕಾದ ಎಫ್ರಾಯೀಮ್ಯರು, ಯುದ್ಧಕ್ಕೆ ನಮ್ಮನ್ನು ಯಾಕೆ ಕರೆಯಲಿಲ್ಲ, ನಿನ್ನ ಮನೆಗೆ ಬೆಂಕಿ ಹಚ್ಚುತ್ತೇವೆ ಅಂತ ಬಂದರು. ಜೊತೆಗೆ ಒಂದು ಬೈಗುಳ: ನೀವು ಗಿಲ್ಯಾದ್ಯರು ನಮ್ಮಿಂದ ಓಡಿಹೋದವರು. ಅಂದರೆ, ನೀವು ಅಸಲಿ ಅಲ್ಲ.

ಇಲ್ಲಿ ಬೈಬಲ್ ಕಾಲೇಜಿನಲ್ಲಿ ನಾವು ಕಲಿತ ಒಂದು ಓದುವ ಪದ್ಧತಿ ಹೇಳುತ್ತೇನೆ: ಹಿಂದಿನ ಅಧ್ಯಾಯ ಓದದೆ ಈ ಅಧ್ಯಾಯಕ್ಕೆ ಬರಬೇಡಿ. ಹಿಂದೆ, 11ನೇ ಅಧ್ಯಾಯದಲ್ಲಿ, ಅಮ್ಮೋನಿಯರ ಅರಸನ ಹತ್ತಿರ ಯೆಪ್ತಾಹ ಎರಡು ಸಲ ದೂತರನ್ನು ಕಳಿಸಿದ್ದಾನೆ. ಇತಿಹಾಸ ಎಲ್ಲಾ ಬಿಡಿಸಿ ಹೇಳಿ, ಸಮಾಧಾನವಾಗಿ ವಾದ ಮಾಡಿದ್ದಾನೆ. ಅದು ಶತ್ರುವಿನ ಜೊತೆ. ಇಲ್ಲಿ ಎಫ್ರಾಯೀಮಿನ ಸಹೋದರರಿಗೆ ಒಂದೇ ಉತ್ತರ ಕೊಟ್ಟು ಸೈನ್ಯ ಕೂಡಿಸಿಬಿಟ್ಟ. ಶತ್ರುವಿಗೆ ಇದ್ದ ತಾಳ್ಮೆ ಅಣ್ಣತಮ್ಮಂದಿರಿಗೆ ಸಿಗಲಿಲ್ಲ. ಆಫೀಸಿನಲ್ಲಿ ಕ್ಲೈಂಟ್ ಎಷ್ಟು ಬೈದರೂ ಸರ್, ಮೇಡಮ್ ಅನ್ನುತ್ತೇವೆ. ಮನೆಯವರ ಒಂದು ಮಾತಿಗೆ ಉರಿದು ಬೀಳುತ್ತೇವೆ. ನಮಗೂ ಇದು ಹೊಸದಲ್ಲ.

ಎಫ್ರಾಯೀಮ್ಯರು ಸೋತು ಓಡಿದರು. ಗಿಲ್ಯಾದ್ಯರು ಹೊಳೆಯ ಹಾಯಗಡಗಳನ್ನು, ಅಂದರೆ ನಡೆದು ದಾಟುವ ಜಾಗಗಳನ್ನು ಹಿಡಿದುಕೊಂಡರು. ಬಂದವರಿಗೆಲ್ಲಾ ಒಂದೇ ಪರೀಕ್ಷೆ: ಷಿಬ್ಬೋಲೆತ್ ಅನ್ನು. ತೆನೆ ಅಂತ ಅದರ ಅರ್ಥ. ಎಫ್ರಾಯೀಮ್ಯರ ನಾಲಿಗೆಗೆ ಆ ಉಚ್ಚಾರ ಬರುವುದಿಲ್ಲ. ಸಿಬ್ಬೋಲೆತ್ ಅಂದವನನ್ನು ಅಲ್ಲೇ ಕೊಂದರು.

ನಗಬೇಡಿ, ನಮ್ಮ ಕಡೆ ಹಿರಿಯರು ಶಾಲೆಗೆ ಏನಂತಾರೆ? ಸಾಲಿ ಅಂತಾರೆ. ಶಂಕರ ಅನ್ನೋನು ಸಂಕರ ಆಗುತ್ತಾನೆ. ಆ ಹಾಯಗಡದಲ್ಲಿ ನಿಂತಿದ್ದರೆ ನಮ್ಮ ಅಜ್ಜ-ಅಜ್ಜಿ ಒಬ್ಬರೂ ಉಳಿಯುತ್ತಿರಲಿಲ್ಲ. ನೀನು ಯಾರು, ಏನು ನಂಬುತ್ತೀಯಾ, ನಿನ್ನ ಮನೆಯಲ್ಲಿ ಯಾರಿದ್ದಾರೆ, ಯಾವ ಪ್ರಶ್ನೆಯೂ ಇಲ್ಲ. ಒಂದು ಪದ ಸಾಕು.

ಹತ್ತು ಪ್ರಧಾನರು ಹೊಳೆ ದಾಟಿ ಹೋಗಿ ಪೂರ್ತಿ ಮಾತು ಕೇಳಿದ ದಡದಲ್ಲಿ, ಈಗ ಒಂದು ಪದ ಕೇಳಿ ತೀರ್ಪು ಕೊಡುತ್ತಿದ್ದಾರೆ. ಇದನ್ನೇ ನಾನು ನಮ್ಮ ಕಾಲದ ರೋಗ ಅನ್ನುತ್ತೇನೆ.

3. ನಮ್ಮ ಷಿಬ್ಬೋಲೆತ್‌ಗಳು

ಕನ್ನಡದಲ್ಲೂ ಹಾಯಗಡಗಳಿವೆ. ಒಂದು ಕಡೆಯವರು ಇನ್ನೊಂದು ಕಡೆಯವರನ್ನು ಭಕ್ತ, ಚಡ್ಡಿ, ಕೋಮುವಾದಿ ಅನ್ನುತ್ತಾರೆ. ಆ ಕಡೆಯವರು ಈ ಕಡೆಯವರನ್ನು ಗುಲಾಮ, ಗಂಜಿ ಗಿರಾಕಿ, ಬುದ್ಧಿಜೀವಿ, ಅರ್ಬನ್ ನಕ್ಸಲ್ ಅನ್ನುತ್ತಾರೆ. ಒಂದು ಪದ ಹಾಕಿದರೆ ಮುಗೀತು, ಆ ಮನುಷ್ಯನ ಮಾತು ಇನ್ನು ಕೇಳಬೇಕಾಗಿಲ್ಲ.

ಇದರಲ್ಲಿ ಎರಡು ಪದ ನೋಡಿ, ಭಕ್ತ ಮತ್ತು ಗುಲಾಮ. ನಾವು ದೇವಭಕ್ತರು ಅಂತ ಹಾಡುತ್ತೇವೆ. ಪೌಲನು ತನ್ನನ್ನು ಕ್ರಿಸ್ತನ ದಾಸನು ಅಂತ ಕರೆದುಕೊಂಡ, ಆ ಮೂಲ ಪದಕ್ಕೆ ಗುಲಾಮ ಅನ್ನುವ ಅರ್ಥವೇ ಇದೆ. ನಮ್ಮ ಎರಡು ಗೌರವದ ಹೆಸರುಗಳನ್ನೇ ತೆಗೆದುಕೊಂಡು ನಾವು ಒಬ್ಬರಿಗೊಬ್ಬರು ಬೈಯೋಕೆ ಬಳಸುತ್ತಿದ್ದೇವೆ. ವಿಶ್ವಾಸಿಯ ಬಾಯಿಂದ ಇದು ಬರಬಹುದಾ?

ಇನ್ನೊಂದು ಪದ, ಬಿಟ್ಟಿ ಭಾಗ್ಯ. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾಯಿತು, ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಇಂಥ ಯೋಜನೆಯಿಂದ ರಾಜ್ಯದ ಬೊಕ್ಕಸಕ್ಕೆ ಹೊರೆ ಆಗುತ್ತಾ ಅನ್ನೋದು ನ್ಯಾಯವಾದ ಪ್ರಶ್ನೆ, ಕೇಳಬೇಕು. ಆದರೆ ಬೆಂಗಳೂರಿನಲ್ಲಿ ಕೂತ ಮಗ ಬಿಟ್ಟಿ ಬಸ್ಸಿನವರು ಅಂತ ಮೀಮ್ ಹಾಕುವ ಹೊತ್ತಿಗೆ, ಅವನ ಅವ್ವ ಅದೇ ಬಸ್ಸಿನಲ್ಲಿ ಹಿರೇಕೆರೂರಿನಿಂದ ಹಾವೇರಿ ಆಸ್ಪತ್ರೆಗೆ ಹೋಗುತ್ತಿರಬಹುದು. ಹಾಗೇ ಇನ್ನೊಂದು ಕಡೆ: ಬಿಜೆಪಿಗೆ ಓಟು ಹಾಕಿದವರೆಲ್ಲಾ ದ್ವೇಷ ತುಂಬಿದವರು ಅಂತ ಬರೆಯುವ ತಂಗಿಯ ಮನೆಗೆ, ಅಪ್ಪ ಕಾಯಿಲೆ ಬಿದ್ದ ರಾತ್ರಿ ಗಾಡಿ ತಂದವನು ಆ ಪಕ್ಷದ ಬಾವುಟ ಕಟ್ಟಿದ ಪಕ್ಕದ ಮನೆಯ ಅಣ್ಣನೇ ಆಗಿರಬಹುದು. ಮೀಮ್‌ನಲ್ಲಿ ಅವ್ವನೂ ಇಲ್ಲ, ಅಣ್ಣನೂ ಇಲ್ಲ.

ದೂರದಿಂದ ಊಹೆ ಮಾಡಿದರೆ ಲೆಕ್ಕ ತಪ್ಪುತ್ತೆ ಅನ್ನೋದಕ್ಕೆ ಹೊರಗಿನ ಒಂದು ಸಾಕ್ಷಿ ಕೊಡುತ್ತೇನೆ. ಅಮೆರಿಕದಲ್ಲಿ ಈ ಜಗಳ ನಮಗಿಂತ ಜೋರಾಗಿದೆ. ಅಲ್ಲಿ ಮೋರ್ ಇನ್ ಕಾಮನ್ ಎಂಬ ಸಂಸ್ಥೆ 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಎದುರು ಪಕ್ಷದವರಲ್ಲಿ ಶೇಕಡ 55ರಷ್ಟು ಜನ ಅತಿರೇಕದ ಅಭಿಪ್ರಾಯದವರು ಅಂತ ಜನ ಅಂದುಕೊಂಡಿದ್ದರು. ನಿಜವಾಗಿ ಇದ್ದದ್ದು ಸುಮಾರು ಶೇಕಡ 30. ಎರಡೂ ಪಕ್ಷದವರದ್ದು ಇದೇ ಕಥೆ. ಯಾವಾಗಲೂ ಸುದ್ದಿ ನೋಡುತ್ತಾ ಇರುವವರ ಊಹೆ, ಅಪರೂಪಕ್ಕೆ ನೋಡುವವರ ಊಹೆಗಿಂತ ಹೆಚ್ಚು ತಪ್ಪಿತ್ತು. ಶೀಲೋದಲ್ಲಿ ಕೂತು ಸುದ್ದಿ ಕೇಳಿದಷ್ಟೂ ಹೊಳೆಯ ಆಚೆಯವರು ಭೂತದ ಥರ ಕಾಣುತ್ತಾರೆ.

4. ಬಾವುಟ ಬದಲಾಯಿತು, ಜಗಳ ಉಳಿಯಿತು

ಈಗ ನಮ್ಮ ತಾಲೂಕಿಗೇ ಬರೋಣ. 2018ರ ವಿಧಾನಸಭೆ ಚುನಾವಣೆ ನೆನಪಿದೆಯಾ? ಹಿರೇಕೆರೂರು ಕ್ಷೇತ್ರದಲ್ಲಿ ಕಾಂಗ್ರೆಸ್‌ನಿಂದ ಬಿ.ಸಿ. ಪಾಟೀಲ್, ಬಿಜೆಪಿಯಿಂದ ಯು.ಬಿ. ಬಣಕಾರ. ಪಾಟೀಲರು ಗೆದ್ದರು, ಅಂತರ ಬರೀ 555 ಓಟು. ಅಷ್ಟು ಹತ್ತಿರದ ಚುನಾವಣೆಯಲ್ಲಿ ಊರೂರಲ್ಲಿ ಎಂಥ ಬಿಸಿ ಇರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. 2019ರಲ್ಲಿ ಪಾಟೀಲರು ರಾಜೀನಾಮೆ ಕೊಟ್ಟು ಬಿಜೆಪಿಗೆ ಹೋದರು, ಆ ವರ್ಷ ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಗೆದ್ದು ಆಮೇಲೆ ಕೃಷಿ ಸಚಿವರೂ ಆದರು. 2022ರ ಕೊನೆಗೆ ಬಣಕಾರರು ಬಿಜೆಪಿ ಬಿಟ್ಟು ಕಾಂಗ್ರೆಸ್‌ಗೆ ಬಂದರು. 2023ರ ಮೇ ತಿಂಗಳಲ್ಲಿ ಮತ್ತೆ ಅವರಿಬ್ಬರೇ ಎದುರುಬದುರು. ಈ ಸಲ ಪಾಟೀಲರದ್ದು ಕಮಲ, ಬಣಕಾರರದ್ದು ಕೈ. ಗೆದ್ದವರು ಬಣಕಾರರು, ಸುಮಾರು 15 ಸಾವಿರ ಓಟಿನಿಂದ.

ಅವರಿಬ್ಬರನ್ನು ದೂರುವುದು ನನ್ನ ಉದ್ದೇಶ ಅಲ್ಲ. ಅಧಿಕಾರದಲ್ಲಿರುವ ಎಲ್ಲರಿಗೋಸ್ಕರ ಪ್ರಾರ್ಥನೆ ಮಾಡಬೇಕು ಅಂತ ವಾಕ್ಯ ಕಲಿಸುತ್ತೆ, 1 ತಿಮೊಥೆಯ 2 ಓದಿ. ನಾನು ಕೇಳುವುದು ಇಷ್ಟೇ. ಐದು ವರ್ಷದಲ್ಲಿ ಇಬ್ಬರೂ ನಾಯಕರ ಬಾವುಟ ಅದಲು ಬದಲು ಆಯಿತು. ಅವರ ಮಟ್ಟದಲ್ಲಿ ಅದು ಸಾಧ್ಯವಾಯಿತು. ಆದರೆ 2018ರಲ್ಲಿ ಆ ಬಾವುಟಕ್ಕೋಸ್ಕರ ಮಾತು ಬಿಟ್ಟ ಅಣ್ಣತಮ್ಮಂದಿರು ಯಾರಾದರೂ ಇದ್ದರೆ, ಅವರು ಈಗ ಯಾವ ಲೆಕ್ಕದಲ್ಲಿ ಮಾತು ಬಿಟ್ಟಿದ್ದಾರೆ? ನಾಯಕರು ದಾಟಿದ ಹೊಳೆಯನ್ನು ನಾವು ಯಾಕೆ ದಾಟಬಾರದು?

ಪಕ್ಕದ ಶಿಗ್ಗಾವಿ ನೋಡಿ. ಬಸವರಾಜ ಬೊಮ್ಮಾಯಿಯವರು 2008ರಿಂದ 2023ರವರೆಗೆ ನಾಲ್ಕು ಸಲ ಅಲ್ಲಿ ಗೆದ್ದರು, ಮುಖ್ಯಮಂತ್ರಿಯಾದರು. 2024ರಲ್ಲಿ ಅವರು ಲೋಕಸಭೆಗೆ ಹೋದ ಮೇಲೆ ನವೆಂಬರ್‌ನಲ್ಲಿ ನಡೆದ ಉಪಚುನಾವಣೆಯಲ್ಲಿ ಅವರ ಮಗನ ಎದುರು ಕಾಂಗ್ರೆಸ್‌ನ ಯಾಸಿರ್ ಅಹ್ಮದ್ ಖಾನ್ ಪಠಾಣ್ ಗೆದ್ದರು. ಅದೇ ಊರುಗಳು, ಬಹುಪಾಲು ಅದೇ ಮತದಾರರು. ಜನರನ್ನು ಒಂದು ಬಾವುಟದಲ್ಲಿ ಸುತ್ತಿ ಮೂಲೆಗೆ ಇಡೋಕೆ ಆಗಲ್ಲ. ಅವರಿಗೆ ಕಾರಣಗಳಿರುತ್ತವೆ. ಕಾರಣ ಗೊತ್ತಾಗಬೇಕಾದರೆ ಕೇಳಬೇಕು.

5. ನಮಗೇ ತಾಗಿದ ವಿಷಯ

ಬೇರೆಯವರ ಜಗಳದಲ್ಲಿ ಹೊಳೆ ದಾಟಿ ಅನ್ನೋದು ಸುಲಭ. ನಮಗೇ ನೋವಾದಲ್ಲಿ ಏನು ಮಾಡೋಣ?

ಮತಾಂತರ ನಿಷೇಧ ಕಾಯ್ದೆ. 2021ರ ಡಿಸೆಂಬರ್ 23ಕ್ಕೆ ವಿಧಾನಸಭೆಯಲ್ಲಿ ಪಾಸಾಯಿತು, ಆಗ ಮುಖ್ಯಮಂತ್ರಿ ನಮ್ಮ ಜಿಲ್ಲೆಯವರೇ. 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರ್‌ನಲ್ಲಿ ವಿಧಾನ ಪರಿಷತ್ತಿನಲ್ಲೂ ಒಪ್ಪಿಗೆ. ಮತ ಬದಲಾಯಿಸುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು, ತಂದೆತಾಯಿ, ಸಂಬಂಧಿಕರು, ಜೊತೆಗೆ ಕೆಲಸ ಮಾಡುವವರು ಕೂಡ ದೂರು ಕೊಡಬಹುದು, ಬಲವಂತ ಮಾಡಿಲ್ಲ ಅಂತ ಸಾಬೀತು ಮಾಡುವ ಹೊಣೆ ಆರೋಪಿಯ ಮೇಲೇ, ಶಿಕ್ಷೆ 3ರಿಂದ 5 ವರ್ಷ, ಕೆಲವು ಸಂದರ್ಭದಲ್ಲಿ 10 ವರ್ಷದವರೆಗೆ. 2023ರ ಜೂನ್ 15ಕ್ಕೆ ಹೊಸ ಸರ್ಕಾರದ ಸಂಪುಟ ಇದನ್ನು ರದ್ದು ಮಾಡಲು ತೀರ್ಮಾನಿಸಿತು.

ಸಂವಿಧಾನದ 25ನೇ ವಿಧಿ ಮನಸ್ಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿರುವಾಗ, ದೇವರ ಹತ್ತಿರ ಬರುವ ಮನುಷ್ಯ 30 ದಿನ ಮೊದಲು ಕಚೇರಿಗೆ ಅರ್ಜಿ ಕೊಡಬೇಕು ಅನ್ನೋದು ಸರಿಯಲ್ಲ ಅಂತ ನಾನು ನಂಬುತ್ತೇನೆ, ಬಹಿರಂಗವಾಗಿಯೇ ಹೇಳುತ್ತೇನೆ. ಅದೇ ಸಮಯಕ್ಕೆ, ಪ್ರಚಾರ ಮಾಡುವ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಅಂತ 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಎದುರಿನವರು ಅದರ ಮೇಲೆ ನಿಂತು ಮಾತಾಡುತ್ತಾರೆ ಅನ್ನೋದೂ ನಿಮಗೆ ಗೊತ್ತಿರಲಿ. ಇದು ಒಂದೇ ಪಕ್ಷದ ವಿಚಾರ ಅಂತಲೂ ಅಂದುಕೊಳ್ಳಬೇಡಿ. ಹಿಮಾಚಲ ಪ್ರದೇಶದಲ್ಲಿ 2006ರಲ್ಲಿ ಇಂಥ ಕಾಯ್ದೆ ತಂದದ್ದು ಕಾಂಗ್ರೆಸ್ ಸರ್ಕಾರ. ಯಾವ ಪಕ್ಷವೂ ನಮ್ಮ ಕೋಟೆಯಲ್ಲ. ಕೋಟೆ ಯಾರು ಅಂತ ಕೀರ್ತನೆಗಳಲ್ಲಿ ಓದಿದ್ದೇವೆ, ಆಮೆನ್?

ಈಗ ಫೀನೆಹಾಸನ ಕೆಲಸ. ಈ ಕಾಯ್ದೆ ಬೇಕು ಅನ್ನುವ ನಿಮ್ಮ ಸಹೋದ್ಯೋಗಿಯನ್ನೋ, ಊರಿನ ದೊಡ್ಡಪ್ಪನನ್ನೋ, ನಿಮಗೆ ಏನು ಭಯ ಅಂತ ಎಂದಾದರೂ ಕೇಳಿದ್ದೀರಾ? ಕೇಳಿ ನೋಡಿ. ಕೆಲವರು ಟಿವಿಯಲ್ಲಿ ಬಂದದ್ದನ್ನೇ ಒಪ್ಪಿಸುತ್ತಾರೆ. ಆದರೆ ಕೆಲವರು ಸ್ವಲ್ಪ ಹೊತ್ತು ಸುಮ್ಮನಿದ್ದು ಬೇರೇನೋ ಹೇಳುತ್ತಾರೆ. ನನ್ನ ಮಗಳು ಯುಗಾದಿಗೆ ಮನೆಗೆ ಬರೋದಿಲ್ಲವೇನೋ. ನಾನು ಮಾಡಿದ ಹೋಳಿಗೆ ತಿನ್ನೋದಿಲ್ಲವೇನೋ. ನಾನು ಸತ್ತರೆ ಮಗ ಮುಂದೆ ನಿಲ್ಲೋದಿಲ್ಲವೇನೋ. ನಮ್ಮ ಮಕ್ಕಳು ನಮ್ಮವರಾಗಿ ಉಳಿಯೋದಿಲ್ಲವೇನೋ.

ನಮ್ಮ ಭಯ ಏನು? ಮನೆಯಲ್ಲಿ ಪ್ರಾರ್ಥನೆ ಮಾಡುವಾಗ ಬಾಗಿಲು ಬಡಿದರೆ ಪೊಲೀಸರಾ, ಗುಂಪಾ ಅಂತ. ನಮ್ಮ ಮಕ್ಕಳಿಗೆ ಸಾಲಿಯಲ್ಲಿ ನೀನು ಈ ದೇಶದವನಲ್ಲ ಅಂತ ಯಾರಾದರೂ ಅಂದರೆ ಅಂತ. ಪೂರ್ವದ ಕುಲಗಳ ಮಾತನ್ನೇ ನಾವೂ ಆಡುತ್ತಿದ್ದೇವೆ, ಅವರೂ ಆಡುತ್ತಿದ್ದಾರೆ. ಎರಡು ದಡದಲ್ಲೂ ಮಕ್ಕಳ ಬಗ್ಗೆ ಭಯ.

ಎರಡು ಭಯದ ತೂಕ ಒಂದೇ ಅಂತ ನಾನು ಹೇಳುತ್ತಿಲ್ಲ. ಮಗಳು ಹಬ್ಬಕ್ಕೆ ಬರದ ನೋವು ಬೇರೆ, ಮನೆಗೆ ನುಗ್ಗಿ ಹೊಡೆಯುವುದು ಬೇರೆ. ಹೊಡೆದವರ ಮೇಲೆ ದೂರು ಕೊಡಿ, ವಕೀಲರನ್ನು ಕಾಣಿ. ಪೌಲನು ರೋಮ್ ಪೌರತ್ವದ ಹಕ್ಕು ಬಳಸಿದ, ಕೈಸರನ ನ್ಯಾಯಾಸನಕ್ಕೆ ಮೇಲ್ಮನವಿ ಹಾಕಿದ. ಅನ್ಯಾಯಕ್ಕೆ ಸುಮ್ಮನಿರುವುದನ್ನು ಸಮಾಧಾನ ಅನ್ನಲ್ಲ. ಆದರೆ ಮಗಳ ಬಗ್ಗೆ ಅಳುವ ಆ ತಾಯಿ ಹೊಡೆದವಳಲ್ಲ. ಅವಳ ಮುಂದೆ ಹೋಗಿ, ನಿಮ್ಮ ಮಗಳು ನಿಮ್ಮ ಮಗಳಾಗೇ ಇರುತ್ತಾಳೆ, ತಂದೆತಾಯಿಯನ್ನು ಸನ್ಮಾನಿಸು ಅನ್ನುವ ಆಜ್ಞೆ ನಮ್ಮ ಬೈಬಲ್‌ನಲ್ಲೂ ಇದೆ ಅಂತ ಹೇಳುವವರು ಯಾರು? ಹೇಳಿದರೆ ಸಾಲದು, ಹಾಗೆ ನಡೆಯಬೇಕು. ಹೊಸದಾಗಿ ವಿಶ್ವಾಸಕ್ಕೆ ಬಂದ ತಂಗಿಗೆ ಮೊದಲ ತಿಂಗಳೇ ಅವ್ವನ ಮನೆ ಬಿಡಿಸುವ ಬೋಧನೆ ಎಲ್ಲಾದರೂ ನಡೆಯುತ್ತಿದ್ದರೆ, ಆ ತಾಯಿಯ ಭಯಕ್ಕೆ ಕಟ್ಟಿಗೆ ಹಾಕುವವರು ನಾವೇ.

6. ಈ ವಾರ ಮಾಡಬೇಕಾದ್ದು

ಒಂದು. ಸುದ್ದಿ ಬಂದ ಗಂಟೆಯಲ್ಲೇ ಶೀಲೋಗೆ ಓಡಬೇಡಿ. ಕೋಪ ಬರಿಸುವ ಮೆಸೇಜ್ ಬಂದರೆ ಒಂದು ರಾತ್ರಿ ಇಟ್ಟುಕೊಳ್ಳಿ. ಕೇಳಿಸಿಕೊಳ್ಳುವ ಮೊದಲೇ ಉತ್ತರ ಕೊಡುವುದು ಮೂರ್ಖತನ ಅನ್ನುವ ಪಾಠ ಜ್ಞಾನೋಕ್ತಿ 18:13ರಲ್ಲಿದೆ, ಅದನ್ನು ಬಾಯಿಪಾಠ ಮಾಡಿ.

ಎರಡು. ಹೊಳೆ ದಾಟಿ. ಗುಂಪಿನಲ್ಲಿ ಬೇಡ, ಕಾಮೆಂಟ್‌ನಲ್ಲಿ ಬೇಡ. ಎದುರು ಕೂತು, ಚಹಾ ಕುಡಿಯುತ್ತಾ ಕೇಳಿ. ದೂರ ಇದ್ದರೆ ಫೋನ್ ಮಾಡಿ. ಯಾಕೆ ಹೀಗೆ ಯೋಚನೆ ಮಾಡ್ತೀರಿ ಅಂತ ಕೇಳುವ ಬದಲು, ಇದರಲ್ಲಿ ನಿಮಗೆ ಯಾವುದರ ಭಯ ಇದೆ ಅಂತ ಕೇಳಿ. ಅವರು ಮುಗಿಸುವ ತನಕ ಮಧ್ಯೆ ಬಾಯಿ ಹಾಕಬೇಡಿ. ಆಮೇಲೆ ನಿಮ್ಮ ಭಯವನ್ನೂ ಮುಚ್ಚಿಡದೆ ಹೇಳಿ, ಫೀನೆಹಾಸ ಹೇಳಿದನಲ್ಲ.

ಮೂರು. ವಾಪಸ್ ಬಂದು ನಿಮ್ಮವರಿಗೆ ತಿಳಿಸಿ. ಇದು ಎಲ್ಲಕ್ಕಿಂತ ಕಷ್ಟ. 32ನೇ ವಚನದಲ್ಲಿ ಫೀನೆಹಾಸ ಕಾನಾನ್ ದೇಶಕ್ಕೆ ಹಿಂತಿರುಗಿ ವರದಿ ಕೊಟ್ಟ. ಕತ್ತಿ ಹಿಡಿದು ಕಾಯುತ್ತಿದ್ದ ಸ್ವಂತ ಜನರ ಮುಂದೆ ನಿಂತು, ನಾವು ಅಂದುಕೊಂಡದ್ದು ನಿಜವಲ್ಲ ಅಂದ. ನಿಮ್ಮ ಗುಂಪಿನಲ್ಲಿ ಆಚೆ ಕಡೆಯವರ ಬಗ್ಗೆ ಸುಳ್ಳು ಬಂದಾಗ, ಇಲ್ಲ, ನಾನು ಅವರ ಜೊತೆ ಮಾತಾಡಿದ್ದೇನೆ, ಅದು ಹಾಗಲ್ಲ ಅಂತ ಬರೆಯಿರಿ. ಲೈಕ್ ಸಿಗಲ್ಲ. ಸಿಗದಿದ್ದರೂ ಬರೆಯಿರಿ.

ನಾಲ್ಕು. ದಾಟಿ ಹೋದರೂ ಆಚೆಯವರು ಮಾತಾಡಲು ಒಪ್ಪದಿದ್ದರೆ? ಆಗಬಹುದು. ರೋಮಾಪುರದವರಿಗೆ 12:18ರಲ್ಲಿ ಪೌಲನು ನಮ್ಮಿಂದ ಆಗುವಷ್ಟು ಅಂತ ಒಂದು ಅಳತೆ ಇಟ್ಟಿದ್ದಾನೆ. ಆಚೆ ದಡ ನಮ್ಮ ಕೈಯಲ್ಲಿಲ್ಲ. ಹಾಯಗಡದಲ್ಲಿ ಕತ್ತಿ ಹಿಡಿದು ನಿಲ್ಲದೇ ಇರುವುದು ನಮ್ಮ ಕೈಯಲ್ಲಿದೆ.

ಹೀಗೆ ಮಾಡಿದರೆ ನಮ್ಮ ಅಭಿಪ್ರಾಯ ಬಿಟ್ಟುಕೊಡಬೇಕಾ? ಬೇಡ. ಫೀನೆಹಾಸ ಹೊರಡುವಾಗ ವಿಗ್ರಹಾರಾಧನೆ ತಪ್ಪು ಅಂತ ನಂಬಿದ್ದ, ವಾಪಸ್ ಬಂದ ಮೇಲೂ ಅದನ್ನೇ ನಂಬಿದ್ದ. ಅವನು ಬಿಟ್ಟದ್ದು ತನ್ನ ಸಹೋದರರ ಮೇಲಿನ ತಪ್ಪು ಊಹೆಯನ್ನು ಮಾತ್ರ.

ಯೇಸು ಸ್ವಾಮಿ ಹನ್ನೆರಡು ಮಂದಿಯನ್ನು ಆರಿಸಿಕೊಂಡಾಗ ಆ ಪಟ್ಟಿಯಲ್ಲಿ ಸುಂಕದವನಾದ ಮತ್ತಾಯ ಇದ್ದ, ಮತಾಭಿಮಾನಿ ಎನಿಸಿಕೊಂಡ ಸೀಮೋನನೂ ಇದ್ದ. ಒಬ್ಬ ಆಳುವವರಿಗೆ ಸುಂಕ ವಸೂಲಿ ಮಾಡಿದವನು. ಇನ್ನೊಬ್ಬನ ಅಡ್ಡಹೆಸರೇ ಸ್ವಜನರ ಧರ್ಮ, ದೇಶಕ್ಕೋಸ್ಕರ ಕುದಿಯುವವನು ಅಂತ ಸಾರುತ್ತೆ. ಸುವಾರ್ತೆ ಬರೆದವರು ಆ ಹಳೆಯ ಹೆಸರುಗಳನ್ನು ಅಳಿಸಲಿಲ್ಲ. ಅವರಿಬ್ಬರೂ ಕೊನೆಯ ರಾತ್ರಿ ಒಂದೇ ಮೇಜಿನಲ್ಲಿ ಕೂತು ಒಂದೇ ರೊಟ್ಟಿ ತಿಂದರು, ಅದೇ ಸ್ವಾಮಿ ಇಬ್ಬರ ಕಾಲನ್ನೂ ತೊಳೆದನು. ಬರುವ ಭಾನುವಾರ ನಮಗೂ ಅದೇ ಮೇಜು ಇದೆ. ಮಾತು ಬಿಟ್ಟ ಯಾರಾದರೂ ನೆನಪಿಗೆ ಬರುತ್ತಿದ್ದರೆ, ಆ ಮೇಜಿಗೆ ಬರುವ ಮೊದಲು, ಶನಿವಾರದೊಳಗೆ ಅವರಿಗೆ ಒಂದು ಫೋನ್ ಮಾಡಿ.

ಪ್ರಾರ್ಥಿಸೋಣ.

ಪ್ರೀತಿಯುಳ್ಳ ಪರಲೋಕದ ತಂದೆಯೇ, ನಿನಗೆ ಸ್ತೋತ್ರ. ನಾವು ನೋಡದೆ ನಂಬಿದ ಸುದ್ದಿಗಳಿಗೋಸ್ಕರ, ಕೇಳದೆ ಕೊಟ್ಟ ತೀರ್ಪುಗಳಿಗೋಸ್ಕರ ನಮ್ಮನ್ನು ಕ್ಷಮಿಸು. ನಮ್ಮ ರಾಜ್ಯವನ್ನು ಆಳುವವರನ್ನೂ, ವಿರೋಧ ಪಕ್ಷದಲ್ಲಿರುವವರನ್ನೂ ಆಶೀರ್ವದಿಸು, ನ್ಯಾಯವಾಗಿ ನಡೆಯಲು ಬುದ್ಧಿ ಕೊಡು. ಭಯದಲ್ಲಿ ಪ್ರಾರ್ಥನೆ ಮಾಡುವ ನಿನ್ನ ಮಕ್ಕಳನ್ನು ಕಾಪಾಡು. ಮಕ್ಕಳು ಕೈತಪ್ಪಿ ಹೋಗುತ್ತಾರೆ ಅಂತ ಅಳುವ ತಂದೆತಾಯಂದಿರನ್ನು ಸಂತೈಸು. ಪವಿತ್ರಾತ್ಮನೇ, ನಮ್ಮ ನಾಲಿಗೆಯನ್ನು ಹಿಡಿದುಕೋ, ನಮ್ಮ ಕಿವಿಯನ್ನು ತೆರೆ, ಹೊಳೆ ದಾಟುವ ಧೈರ್ಯ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.